ಹದಿನೆಂಟು ಪರ್ಸೆಂಟ್ ರೇಲಿಂಗ್

ಅರವತ್ತೈದು ದಾಟಿದ ಹೆಂಗಸಿನ ಮೂಳೆ ವಸತಿ ಇಲಾಖೆಯ ಆಸ್ತಿಯಲ್ಲ. ಆದರೆ ಆಕೆ ಬೀಳುವ ಮೆಟ್ಟಿಲು ಇಲಾಖೆಯ ಆಸ್ತಿ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ನಡೆದದ್ದರಲ್ಲಿ ವಿಚಿತ್ರವೇನೂ ಕಾಣದು.

ಇಲಾಖೆಯ ಏಳನೇ ನಂಬರ್ ಕಟ್ಟಡದ ಮೊದಲ ಮಹಡಿಯಲ್ಲಿ ಟೈಲರಮ್ಮ ಇದ್ದಳು. ವಯಸ್ಸು ಎಪ್ಪತ್ತೊಂದು. ಮೂವತ್ತೆಂಟು ವರ್ಷ ಶಾಲೆಯ ಯೂನಿಫಾರ್ಮ್ ಹೊಲಿದವಳು. ಅವಳು ಹಾಕಿದ ಗುಂಡಿ ಎಷ್ಟು ಭದ್ರವೆಂದರೆ, ಅಂಗಿ ಸವೆದು ಮಾಯವಾದ ಮೇಲೂ ಗುಂಡಿ ಮಾತ್ರ ಗಾಳಿಯಲ್ಲಿ ಅದೇ ಜಾಗದಲ್ಲಿ ನಿಂತಿರುತ್ತಿತ್ತು; ನೋಡಿದವರು ಇನ್ನೂ ಬದುಕಿದ್ದಾರೆ. ಕೆಳಗಿನ ಮನೆಯಲ್ಲಿ ಅವಳ ಅಕ್ಕ, ಎಪ್ಪತ್ತನಾಲ್ಕು; ಮೇಲಿನವರೆಗೆ ಹತ್ತಲು ಅವಳಿಗೆ ಉಸಿರು ಸಾಲದು. ನಡುವೆ ಇಪ್ಪತ್ತೆರಡು ಮೆಟ್ಟಿಲು. ದಿನಾ ನಾಲ್ಕು ಗಂಟೆಗೆ ಟೈಲರಮ್ಮ ಇಳಿದು ಹೋಗಿ ಅಕ್ಕನ ಜೊತೆ ಇಸ್ಪೀಟು ಆಡುತ್ತಿದ್ದಳು. ಹನ್ನೊಂದು ವರ್ಷದ ಆಟದಲ್ಲಿ ಅಕ್ಕ ಮೂರೇ ಮೂರು ಆಟ ಮುಂದಿದ್ದಳು. ಆ ಮೂರೂ ಮೋಸದ್ದು.

ಹೀಗಿರುವಾಗ ಡಾಕ್ಟರಮ್ಮ ಟೈಲರಮ್ಮನನ್ನು ಯಂತ್ರದ ಕೆಳಗೆ ಮಲಗಿಸಿ, ಮೂಳೆಯನ್ನೆಲ್ಲ ಓದಿ, "ಮುಂದಿನ ಹತ್ತು ವರ್ಷದಲ್ಲಿ ನಿಮಗೆ ಮೂಳೆ ಮುರಿಯೋ ಸಾಧ್ಯತೆ ನೂರಕ್ಕೆ ಹದಿನೆಂಟು. ಮಾತ್ರೆ ತಗೊಳ್ಳಿ, ದಿನಾ ನಡೀರಿ, ಮೆಟ್ಟಿಲಿಗೆ ರೇಲಿಂಗ್ ಹಾಕಿಸಿ" ಎಂದರು. ಮಗನಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. "ಅಮ್ಮ, ರೇಲಿಂಗ್ ಬರೋವರೆಗೂ ನೀನು ಮೆಟ್ಟಿಲು ಮುಟ್ಟೋ ಹಾಗಿಲ್ಲ" ಎಂದ. ತಾನೇ ಒಂದು ರೇಲಿಂಗ್ ಹಾಕಿಸೋಣವೆಂದರೆ, ಗೋಡೆ ಇಲಾಖೆಯದು. ಅದಕ್ಕೆ ಬಾಡಿಗೆದಾರರು ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ.

ಆದ್ದರಿಂದ ಮಗ ಮತ್ತು ಅವನ ಸ್ನೇಹಿತ ಟೈಲರಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಬೀರು ಇಳಿಸುವಂತೆ ಇಳಿಸಿ, ಇಲಾಖೆಗೆ ಒಯ್ದರು. ಅದೇ ಕೊನೆ. ಹತ್ತಿಸುವಾಗ ಮಗನ ಸೊಂಟ ಹಿಡಿದುಕೊಂಡು, ಅವನು ಒಂದು ವಾರ ಮಲಗಿದ.

ಇಲಾಖೆಯಲ್ಲಿ ಮುರಿತ ಮುಂಜಾಗ್ರತಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಶೇಕಡಾ ಸಾಹೇಬರು. ಚಹಾ ತಂದವರಿಗೂ "ಅರವತ್ತು ಪರ್ಸೆಂಟ್ ತುಂಬಿಸಿ" ಅನ್ನುವ ಮನುಷ್ಯ. ಅವರು ಡಾಕ್ಟರಮ್ಮನ ಚೀಟಿ ಓದಿ ಸಂತೋಷಪಟ್ಟರು.

"ಅಮ್ಮ, ನಿಮ್ಮ ಅರ್ಜಿ ಮಂಜೂರು."

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಸಾರ್."

"ಹದಿನೆಂಟು ಪರ್ಸೆಂಟ್ ರೇಲಿಂಗ್. ಇಪ್ಪತ್ತೆರಡು ಮೆಟ್ಟಿಲಿಗೆ ಮೂರು ಪಾಯಿಂಟ್ ತೊಂಬತ್ತಾರು ಬರುತ್ತೆ. ಪೂರ್ತಿ ಅಲ್ಲದ ಮೆಟ್ಟಿಲನ್ನ ನಾವು ಮೆಟ್ಟಿಲು ಅಂತ ಪರಿಗಣಿಸಲ್ಲ. ಆದ್ದರಿಂದ ಮೂರು."

"ಮೂರು ಮೆಟ್ಟಿಲಿಗೆ ರೇಲಿಂಗ್ ಹಾಕಿದ್ರೆ ಮಿಕ್ಕಿದ ಹತ್ತೊಂಬತ್ತಕ್ಕೆ ನಾನೇನು ಹಾರಲಾ?"

ಸಾಹೇಬರು ಪೆನ್ನು ಕೆಳಗಿಟ್ಟರು. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಸಿಟ್ಟಿಗೆ ಬೇರೆ ವಿಭಾಗವಿತ್ತು. "ನೋಡಿ ಅಮ್ಮ, ನೀವು ಬೀಳೋದು ಹದಿನೆಂಟು ಪರ್ಸೆಂಟ್. ನಾನು ನೂರು ಪರ್ಸೆಂಟ್ ರೇಲಿಂಗ್ ಕೊಟ್ಟೆ ಅಂದ್ಕೊಳ್ಳಿ. ಆಗ ಎಂಬತ್ತೆರಡು ಪರ್ಸೆಂಟ್ ಯಾರಿಗೆ ಹೋಯ್ತು? ಬೀಳದೇ ಇರೋ ಹೆಂಗಸಿಗೆ. ಬೀಳದ ಹೆಂಗಸಿಗೆ ಸರ್ಕಾರದ ರೇಲಿಂಗ್ ಯಾಕೆ?"

ಟೈಲರಮ್ಮನಿಗೆ ಇದರಲ್ಲಿ ಎಲ್ಲೋ ಹೊಲಿಗೆ ಬಿಟ್ಟಿದೆ ಅನಿಸಿತು. ಎಲ್ಲಿ ಅಂತ ಮಾತ್ರ ಕೈಗೆ ಸಿಗಲಿಲ್ಲ. ಸಾಹೇಬರು ಒಂದು ನಮೂನೆ ಕೊಟ್ಟರು. ಅದರ ಒಂಬತ್ತನೇ ಕಲಮು ಹೀಗಿತ್ತು: ‘ಅರ್ಜಿದಾರರು ತಾವು ಬೀಳಲು ಉದ್ದೇಶಿಸಿರುವ ಮೆಟ್ಟಿಲುಗಳ ಕ್ರಮಸಂಖ್ಯೆಯನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಒಮ್ಮೆ ನಮೂದಿಸಿದ ಮೇಲೆ ಬೇರೆ ಮೆಟ್ಟಿಲಿನಲ್ಲಿ ಬೀಳಲು ಅವಕಾಶವಿರುವುದಿಲ್ಲ.’

ಮನೆಗೆ ಬಂದು ಮೆಟ್ಟಿಲ ಬಾಯಲ್ಲಿ ನಿಂತು ಕೂಗಿದಳು. "ಅಕ್ಕಾ, ನಾನು ಯಾವ ಮೆಟ್ಟಿಲಲ್ಲಿ ಬೀಳ್ತೀನಿ ಹೇಳೇ!"

"ನಿನ್ನ ಮೂತಿ ನೋಡಿದ್ರೆ ಎಲ್ಲದರಲ್ಲೂ ಬೀಳ್ತೀಯ" ಎಂದು ಕೆಳಗಿನಿಂದ ಉತ್ತರ ಬಂತು.

ಆಟ ನಿಲ್ಲಿಸುವುದು ಅವರಿಬ್ಬರ ರಕ್ತದಲ್ಲಿ ಇರಲಿಲ್ಲ. ಮೇಲೊಬ್ಬಳು, ಕೆಳಗೊಬ್ಬಳು, ಒಂದೊಂದು ಕಟ್ಟು ಹಿಡಿದು, ಎಲೆ ಇಳಿಸಿದ್ದನ್ನು ಕೂಗಿ ಹೇಳುವುದು. "ರಾಣಿ!" ಎಂದರೆ "ಎಕ್ಕ!" ಹೀಗೆ ಮೊದಲ ಒಂದೇ ತಿಂಗಳಲ್ಲಿ ಅಕ್ಕ ಇಪ್ಪತ್ತಾರು ಆಟ ಗೆದ್ದಳು. ಒಂದೇ ಆಟದಲ್ಲಿ ಅಕ್ಕನ ಕೈಯಿಂದ ಒಂಬತ್ತು ಎಕ್ಕ ಬಿದ್ದ ದಿನ ಟೈಲರಮ್ಮ ಅತ್ತಳು. ಅಕ್ಕನ ಮುಖ ಕಾಣದೆ ಮೋಸ ಹಿಡಿಯುವುದಾದರೂ ಹೇಗೆ? ಮೋಸ ಮಾಡುವಾಗ ಅಕ್ಕನ ಎಡ ಹುಬ್ಬು ಏಳುತ್ತಿತ್ತು. ಆ ಹುಬ್ಬು ನೋಡದೆ ತಿಂಗಳು ನಾಲ್ಕಾಗುತ್ತಾ ಬಂದಿತ್ತು.

ಅಷ್ಟರಲ್ಲಿ ಕಟ್ಟಡದ ತುಂಬ ಪರ್ಸೆಂಟಿನ ಜ್ವರ ಹಬ್ಬಿತು. ಎದುರುಮನೆಯ ನಿವೃತ್ತ ನರ್ಸಮ್ಮನಿಗೆ ಇಪ್ಪತ್ತೇಳು. ಪಕ್ಕದ ಮನೆಯ ಗಣಿತದ ಟೀಚರಮ್ಮನಿಗೆ ಇಪ್ಪತ್ತನಾಲ್ಕು. ಅವರು ಅದನ್ನು ಎರಡು ಸಲ ತಾಳೆ ಹಾಕಿ ನೋಡಿದರು. ಹಿಂದಿನ ಕಟ್ಟಡದ ಸೊಸೆಯೊಬ್ಬಳು "ನಮ್ಮತ್ತೇದು ನಲವತ್ತೊಂದು!" ಎಂದು ಬಟ್ಟೆ ಒಣಹಾಕುವಾಗೆಲ್ಲ ಹೇಳಿಕೊಂಡಳು. ನಲವತ್ತು ವರ್ಷದಿಂದ ಬಚ್ಚಲಲ್ಲಿ ಕದ್ದು ಸಿಗರೇಟು ಸೇದುತ್ತಿದ್ದ ಅಕ್ಕನಿಗೆ ಮೂವತ್ತೊಂದು ಬಂತು. ಕೆಳಗಿನ ಮನೆಗೆ ಮೆಟ್ಟಿಲೇ ಇಲ್ಲದ ಕಾರಣ, ರೇಲಿಂಗ್ ಹಾಕಲು ಅನುಕೂಲವಾಗುವಂತೆ ಅವಳ ಬಾಗಿಲ ಮುಂದೆ ಏಳು ಮೆಟ್ಟಿಲು ಕಟ್ಟಿಕೊಡುವುದಾಗಿ ಇಲಾಖೆ ಪತ್ರ ಬರೆಯಿತು.

ಟೈಲರಮ್ಮನೂ ತನ್ನ ಅಪಾಯ ಏರಿಸಿಕೊಳ್ಳಲು ಪ್ರಯತ್ನಪಟ್ಟಳು. ಅಕ್ಕ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮೇಲೆ ಕಳಿಸಿದ ಸಿಗರೇಟು ಒಂದು ದಮ್ಮು ಎಳೆದು, ಅರ್ಧ ಗಂಟೆ ಕೆಮ್ಮಿದಳು. ಅಭ್ಯಾಸ ಎಂದು ಸಾಬೀತಾಗಲು ಇಬ್ಬರು ಸಾಕ್ಷಿಗಳ ಎದುರು ಮೂರು ವರ್ಷ ಸೇದಿರಬೇಕು ಎಂದು ಇಲಾಖೆ ತಿಳಿಸಿತು. ತಾಯಿಗೆ ಸೊಂಟದ ಮೂಳೆ ಮುರಿದಿತ್ತು ಎಂದು ಬರೆದಳು. ಸದರಿ ತಾಯಿ ಖುದ್ದಾಗಿ ಹಾಜರಾಗತಕ್ಕದ್ದು ಎಂದು ಉತ್ತರ ಬಂತು. ನೋಡಲು ಬಂದ ಡಾಕ್ಟರಮ್ಮ ತಲೆ ಚಚ್ಚಿಕೊಂಡರು. "ಅಮ್ಮಾ, ಇದು ಪರೀಕ್ಷೆಯ ಮಾರ್ಕ್ಸ್ ಅಲ್ಲ, ಜಾಸ್ತಿ ಬಂದ್ರೆ ಖುಷಿಪಡೋಕೆ!"

"ನಿಮಗೇನು ತಾಯಿ, ಓದಿದೋರು" ಎಂದು ಟೈಲರಮ್ಮ ನಿಟ್ಟುಸಿರು ಬಿಟ್ಟಳು. "ಬರೀ ಹದಿನೆಂಟು ಇಟ್ಕೊಂಡು ಬಾಳೋ ಕಷ್ಟ ನಿಮಗೆ ಗೊತ್ತಿಲ್ಲ."

ದಾರಿ ತೋರಿಸಿದವರು ಟೀಚರಮ್ಮ. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಸೀಮೆಸುಣ್ಣದಲ್ಲಿ ಬರೆದರು. ಹದಿನೆಂಟು, ಇಪ್ಪತ್ತೇಳು, ಇಪ್ಪತ್ತನಾಲ್ಕು, ಮೂವತ್ತೊಂದು. ಕೂಡಿದರೆ ನೂರು. ಅವರ ಕನ್ನಡಕದೊಳಗೆ ಕಣ್ಣು ತುಂಬಿತು. ಇಡೀ ಸೇವಾವಧಿಯಲ್ಲಿ ಒಂದು ಲೆಕ್ಕ ಇಷ್ಟು ಚೊಕ್ಕಟವಾಗಿ ಬಂದಿರಲಿಲ್ಲ.

"ಆದ್ರೆ ಮೂವತ್ತೊಂದು ನಿಮ್ಮಕ್ಕ ಬಿಟ್ಟುಕೊಡಬೇಕು" ಎಂದರು.

ಟೈಲರಮ್ಮ ಕೆಳಕ್ಕೆ ಕೂಗಿದಳು. "ಅಕ್ಕಾ, ನಿನ್ನ ಪರ್ಸೆಂಟ್ ನನಗೆ ಕೊಡ್ತೀಯಾ?"

"ನನ್ನ ಏಳು ಮೆಟ್ಟಿಲು?"

"ನೆಲದ ಮೇಲಿರೋಳಿಗೆ ಮೆಟ್ಟಿಲು ಯಾಕೆ? ಹತ್ತಿ ಎಲ್ಲಿಗೆ ಹೋಗ್ತೀಯ?"

"ಅದು ನನ್ನ ಹಕ್ಕು ಕಣೇ. ಹತ್ತು ಆಟ ಸೋತೆ ಅಂತ ಬರ್ಕೊಡು, ಕೊಡ್ತೀನಿ."

"ಐದು."

"ಎಂಟು. ನಲವತ್ತು ವರ್ಷ ಹೊಗೆ ಕುಡಿದು ಸಂಪಾದಿಸಿದ್ದು."

ಎಂಟಕ್ಕೆ ಒಪ್ಪಂದವಾಯಿತು.

ಟೀಚರಮ್ಮ ಅರ್ಜಿ ಒಯ್ದರು. ಶೇಕಡಾ ಸಾಹೇಬರು ಎದ್ದು ನಿಂತು ಅದನ್ನು ಸ್ವೀಕರಿಸಿದರಂತೆ. ಹದಿನೈದು ದಿನದಲ್ಲಿ ಸುತ್ತೋಲೆ ಹೊರಟಿತು: ‘ಒಂದೇ ಮೆಟ್ಟಿಲ ಸಾಲನ್ನು ಬಳಸುವ ಮಹಿಳೆಯರು ತಮ್ಮ ಅಪಾಯವನ್ನು ಜಂಟಿಯಾಗಿ ಹೊಂದಬಹುದು. ಆದರೆ ಒಬ್ಬರೇ ಇಳಿದಲ್ಲಿ ಉಳಿದವರ ಅಪಾಯ ಸ್ಥಳದಲ್ಲಿ ಇಲ್ಲದಂತಾಗುವುದರಿಂದ, ರೇಲಿಂಗ್ ಬಳಸುವಾಗ ನಾಲ್ವರೂ ತಮ್ಮ ತಮ್ಮ ಪಾಲಿನ ಮೆಟ್ಟಿಲುಗಳಲ್ಲಿ ಹಾಜರಿರತಕ್ಕದ್ದು. ಅಳತೆಗಾಗಿ ಸೋಮವಾರ ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರರು ಬರುತ್ತಾರೆ.’

ಸೋಮವಾರ ನಾಲ್ವರೂ ಹಾಜರು. ನರ್ಸಮ್ಮ, ಟೀಚರಮ್ಮ ಗೋಡೆ ಸವರಿಕೊಂಡು ಇಳಿದು ತಮ್ಮ ಜಾಗ ಹಿಡಿದರು. ಅವರನ್ನು ತಡೆಯಲು ಅವರಿಗೆ ಮಗ ಇರಲಿಲ್ಲ; ಟೈಲರಮ್ಮನ ಮಗ ಕೆಲಸಕ್ಕೆ ಹೋಗಿದ್ದ. ತಳದ ಏಳು ಮೆಟ್ಟಿಲಿಗೆ ಅಕ್ಕ, ಮೇಲಿನ ನಾಲ್ಕಕ್ಕೆ ಟೈಲರಮ್ಮ; ಜಂಟಿಯಲ್ಲಿ ಚೂರು ಮೆಟ್ಟಿಲೂ ಪೂರ್ತಿ ಮೆಟ್ಟಿಲಾಗಿತ್ತು. ಇನ್‌ಸ್ಪೆಕ್ಟರರು ಬರುವುದು ತಡವಾಯಿತು. ಇಸ್ಪೀಟಿನ ಹೊತ್ತಾದ ಮೇಲೆ ಟೈಲರಮ್ಮನ ಕಾಲು ಯಾರ ಮಾತನ್ನೂ ಕೇಳುತ್ತಿರಲಿಲ್ಲ.

"ಕೈ ಕೊಡಿ ನರ್ಸಮ್ಮ" ಎಂದಳು.

ನರ್ಸಮ್ಮ ಕೊಟ್ಟರು. ರೋಗಿಗಳನ್ನು ಎತ್ತಿ ಎತ್ತಿ ಕಬ್ಬಿಣವಾದ ಕೈ. ಆರು ಮೆಟ್ಟಿಲು ಇಳಿಸಿ ಟೀಚರಮ್ಮನಿಗೆ ಒಪ್ಪಿಸಿದರು. ಟೀಚರಮ್ಮ ಒಂದೊಂದೇ ಮೆಟ್ಟಿಲು ಎಣಿಸುತ್ತಾ ಐದು ಇಳಿಸಿ ಅಕ್ಕನಿಗೆ ದಾಟಿಸಿದರು. ಅಕ್ಕ ಹಿಡಿದ ಹಿಡಿತಕ್ಕೆ ಬಳೆ ಚುಚ್ಚಿತು.

"ಎಷ್ಟು ಒಣಗಿದ್ದೀಯೇ" ಎಂದಳು ಅಕ್ಕ.

"ಹುಬ್ಬು ಇಳಿಸು ಮೊದ್ಲು" ಎಂದಳು ಟೈಲರಮ್ಮ.

ಇನ್‌ಸ್ಪೆಕ್ಟರರು ಅಳತೆಯ ಟೇಪು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರು ಸೂಕ್ಷ್ಮ ಮನುಷ್ಯ. ನರ್ಸಮ್ಮನ ಭುಜದಿಂದ ಅಕ್ಕನ ಮೊಣಕೈವರೆಗೆ ಟೇಪು ಹಿಡಿದರು, ಟೀಚರಮ್ಮನನ್ನು ಸ್ವಲ್ಪ ಅಲ್ಲಾಡಿಸಿ ನೋಡಿ ಬೈಸಿಕೊಂಡರು, ವರದಿ ಬರೆದರು: ‘ಸ್ಥಳದಲ್ಲಿ ರೇಲಿಂಗ್ ಈಗಾಗಲೇ ಇದೆ. ಗಟ್ಟಿಯಾಗಿದೆ. ತುಕ್ಕು ಅಲ್ಲಲ್ಲಿ. ಮಾತಾಡುತ್ತದೆ. ಹೊಸದು ಅನಗತ್ಯ.’

ಕಡತ ಮುಚ್ಚಿತು. ಶೇಕಡಾ ಸಾಹೇಬರಿಗೆ ಬಡ್ತಿ ಬಂತು. ಒಂದು ಕಂಬಿಯನ್ನೂ ಬಳಸದೆ ನೂರು ಪರ್ಸೆಂಟ್ ರೇಲಿಂಗ್ ಹಾಕಿಸಿದ ಅಧಿಕಾರಿ ಇಡೀ ಇಲಾಖೆಯಲ್ಲಿ ಅವರೊಬ್ಬರೇ. ಮಗನಿಗೂ ನೆಮ್ಮದಿ. ಹಿಂದಿನ ಕಟ್ಟಡದವರು ತಮಗೂ ಇಂಥದೇ ಮಾದರಿ ಬೇಕೆಂದು ಅರ್ಜಿ ಹಾಕಿದ್ದಾರೆ. ನರ್ಸಮ್ಮನಿಗೆ ಮಂಡಿ ನೋವು ಬಂದ ದಿನ ‘ದುರಸ್ತಿ ನಿಮಿತ್ತ ರೇಲಿಂಗ್ ಇರುವುದಿಲ್ಲ’ ಎಂದು ಟೀಚರಮ್ಮ ಸೀಮೆಸುಣ್ಣದಲ್ಲಿ ಬರೆಯುತ್ತಾರೆ, ಯಾರೂ ಆಕ್ಷೇಪಿಸುವುದಿಲ್ಲ.

ಹೇಗೂ ನಾಲ್ವರೂ ಮೆಟ್ಟಿಲಲ್ಲೇ ಇರಬೇಕಾದ್ದರಿಂದ ಈಗ ಇಸ್ಪೀಟು ತಳದ ಮೆಟ್ಟಿಲುಗಳ ಮೇಲೇ ನಡೆಯುತ್ತದೆ, ನಾಲ್ಕು ಕೈ ಆಟ. ತಲೆಯ ಮೇಲಿನ ಗೋಡೆಗೆ, ಮೊಳೆ ಹೊಡೆಯಬಾರದ ಅದೇ ಗೋಡೆಗೆ, ಇಲಾಖೆ ನಾಲ್ಕು ಮೊಳೆ ಹೊಡೆದು ಒಂದು ಬೋರ್ಡು ಹಾಕಿದೆ: ‘ರೇಲಿಂಗಿಗೆ ಒರಗಬಾರದು.’

ಮೊನ್ನೆ ಎಲೆ ನೋಡುತ್ತಾ ನೋಡುತ್ತಾ ಟೈಲರಮ್ಮ ಅಕ್ಕನ ಭುಜಕ್ಕೆ ಒರಗಿದಳು.

"ಏಯ್, ಬೋರ್ಡು ಓದೋಕೆ ಬರಲ್ವಾ?" ಎಂದಳು ಅಕ್ಕ.

"ಬರುತ್ತೆ. ರವಿಕೆ ತೋಳೊಳಗಿರೋ ಎಕ್ಕ ಹೊರಗೆ ತೆಗಿ, ಆಮೇಲೆ ಓದ್ತೀನಿ."