ದೊಡ್ಡಪ್ಪನ ತಟ್ಟೆಗೆ ತಣ್ಣನೆಯ ಶಾವಿಗೆ

ನಮ್ಮ ದೊಡ್ಡಪ್ಪನಿಗೆ ದೇವರು ನಾಲಿಗೆಯ ಬದಲು ಹಂಚಿನ ತುಂಡೊಂದನ್ನು ಕೂರಿಸಿ ಕಳಿಸಿದ್ದಾನೆಂದು ನಾನು ಬಹಳ ವರ್ಷ ನಂಬಿದ್ದೆ. ಉಳಿದವರು ಊದಿ ಊದಿ ಕುಡಿಯುವ ಕಾಫಿಯನ್ನು ಅವರು ಒಂದು ಗುಟುಕು ಕುಡಿದು, "ಇದು ಮೊನ್ನೆ ಮಾಡಿದ್ದಾ?" ಎಂದು ಕೇಳಿ ವಾಪಸು ಕಳಿಸುತ್ತಿದ್ದರು. ಆ ಲೋಟವನ್ನು ಬಟ್ಟೆ ಸುತ್ತಿ ತಂದರೂ ಕೈ ಸುಟ್ಟುಕೊಂಡವಳು ನಾನು.

ಆಲ್ದೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಅವರು ರೈಟರ್ ಆಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ಕೊಯ್ಲಿನಲ್ಲಿ ಹಣ್ಣು ತೂಗಿಸುವುದು, ಕಣದಲ್ಲಿ ಕಾಫಿ ಒಣಗುವುದನ್ನು ಕಾಯುವುದು ಅವರ ಕೆಲಸ. ಅಷ್ಟು ತಾಳ್ಮೆಯ ಮನುಷ್ಯ ಸುತ್ತಮುತ್ತ ಇಲ್ಲವೆಂದು ಮೇಸ್ತ್ರಿಗಳು ಹೇಳುತ್ತಿದ್ದರು. ಆ ತಾಳ್ಮೆ ಕ್ವಾರ್ಟರ್ಸಿನ ಬಾಗಿಲಲ್ಲಿ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತಿತ್ತು. ತಟ್ಟೆಯ ಮುಂದೆ ಕೂತ ಮೇಲೆ ಮೊದಲು ಅನ್ನದ ಮೇಲೆ ಅಂಗೈ ಹಿಡಿಯುವರು. ಹಬೆ ತಾಗಿದರೆ ಊಟ, ತಾಗದಿದ್ದರೆ ತಂಗಳು. ಒಲೆಯಿಂದ ಇಳಿದು ಐದು ನಿಮಿಷವಾದ ಅನ್ನವೂ ನಿನ್ನೆಯ ಅನ್ನವೂ ಅವರ ಕಾನೂನಿನಲ್ಲಿ ಒಂದೇ!

ಒಮ್ಮೆ ವಸ್ತಾರೆಯಲ್ಲಿ ನೆಂಟರ ಮದುವೆ. ಪಂಕ್ತಿ ಉದ್ದ, ಅಡುಗೆ ಚಪ್ಪರ ದೂರ. ಸಾರಿನ ಬಕೆಟ್ಟು ತಮ್ಮ ಎಲೆಯ ತನಕ ಬರುವಷ್ಟರಲ್ಲಿ ಸಾರಿನ ಗತಿ ಏನಾಗುತ್ತದೆಂದು ದೊಡ್ಡಪ್ಪ ಕಣ್ಣಳತೆಯಲ್ಲೇ ಲೆಕ್ಕ ಹಾಕಿದರು. ಆಮೇಲೆ ಉಪ್ಪು, ಉಪ್ಪಿನಕಾಯಿ ಜಾರದಂತೆ ಬಾಳೆಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಗಂಡಿನ ಕಡೆಯವರೆಲ್ಲ ನೋಡುತ್ತಿರುವಂತೆಯೇ ಚಪ್ಪರಕ್ಕೆ ನಡೆದು ಹಂಡೆಯ ಪಕ್ಕ ಕೂತರು. ಏನು ತಪ್ಪಾಯಿತೋ ಎಂದು ಹುಡುಗಿಯ ತಂದೆ ಗಾಬರಿಯಿಂದ ಓಡಿ ಬಂದರೆ, ತಪ್ಪೇನಿಲ್ಲ, ಒಲೆ ದೂರ ಹಾಕಿಸಿದ್ದೀರಿ ಅಷ್ಟೆ, ಎಂದು ಸಮಾಧಾನ ಹೇಳಿದರಂತೆ. ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ಆ ಹೊತ್ತಿಗೆ ನಾನು ಅವರ ಪರಿಚಯವೇ ಇಲ್ಲದವಳಂತೆ ಬೇರೆ ಕಡೆ ನೋಡುತ್ತಿದ್ದೆ.

ಇದೆಲ್ಲ ಏನೂ ಅಲ್ಲ, ಅವರ ನಿಜವಾದ ಸಾಧನೆ ಕಿಂಡಿ. ಅಡುಗೆಮನೆಯಿಂದ ಊಟದ ಕೋಣೆಗೆ ಬಾಗಿಲು ಸುತ್ತಿ ಬರಬೇಕಿತ್ತು. ಅಷ್ಟು ದೂರದ ಪ್ರಯಾಣದಲ್ಲಿ ಅಕ್ಕಿರೊಟ್ಟಿ ಸತ್ತೇ ಹೋಗುತ್ತದೆಂದು ದೊಡ್ಡಪ್ಪ ಗಾರೆಯವನನ್ನು ಕರೆಸಿ, ಒಲೆಯ ಪಕ್ಕದ ಗೋಡೆಯಲ್ಲಿ ಒಂದು ಕಿಂಡಿ ಕೊರೆಸಿದರು. ದೊಡ್ಡಮ್ಮ ಕಾವಲಿಯಿಂದ ರೊಟ್ಟಿ ಎತ್ತಿ ಕಿಂಡಿಯೊಳಗೆ ಕೈ ಚಾಚಿದರೆ ಅದು ನೇರ ತಟ್ಟೆಗೆ. ಈಚೆ ಕಡೆಯಿಂದ ದೊಡ್ಡಪ್ಪ ಗಟ್ಟಿಯಾಗಿ ಎಣಿಸುವರು. ಮೂರರೊಳಗೆ ರೊಟ್ಟಿ ಬೀಳಬೇಕು. ನಾಲ್ಕಾಯಿತೋ, "ಎಂಥ ಮಾರಾಯ್ತಿ, ರೊಟ್ಟಿ ನಡ್ಕೊಂಡು ಬಂತಾ?"

ಉಣ್ಣುವವರಿಗೆ ದೊಡ್ಡಮ್ಮನ ಹಸಿರು ಬಳೆಯ ಕೈಯೊಂದು ಮಾತ್ರ ಕಾಣುತ್ತಿತ್ತು. ಎಲ್ಲರದೂ ಮುಗಿದ ಮೇಲೆ ಅವರು ಒಲೆಯ ಪಕ್ಕದ ಮಣೆಯ ಮೇಲೆ ಕೂತು ಉಳಿದ ರೊಟ್ಟಿ ತಿನ್ನುತ್ತಿದ್ದರು. ಮೈಸೂರಿನಿಂದ ರಜೆಗೆ ಬಂದಾಗಲೆಲ್ಲ ನಾನೂ ಕಿಂಡಿಯ ಈಚೆ ಕೂತು ಬಿಸಿ ರೊಟ್ಟಿ ತಿಂದವಳೇ. ಆ ಕೈ ಚೆನ್ನಾಗಿ ನೆನಪಿದೆ. ಬಗ್ಗಿ ಆಚೆಯ ಮುಖ ನೋಡಿದ ನೆನಪಿಲ್ಲ.

ನಾನು ಎಂ.ಎ. ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುತ್ತ ಅವರ ಮನೆಯಲ್ಲಿದ್ದ ಬೇಸಿಗೆಯಲ್ಲಿ ದೊಡ್ಡಪ್ಪನಿಗೆ ನುಂಗುವುದು ಕಷ್ಟವಾಯಿತು. ಚಿಕ್ಕಮಗಳೂರಿನ ಡಾಕ್ಟರು ಪೈಪು ಇಳಿಸಿ ನೋಡಿ, ಅನ್ನನಾಳದಲ್ಲಿ ಹುಣ್ಣಾಗಿದೆ ಎಂದರು. ಆರು ವಾರ ಬಿಸಿ, ಖಾರ, ಹುಳಿ, ಗಟ್ಟಿ ಪದಾರ್ಥ ಯಾವುದೂ ಕೂಡದು. ಅಷ್ಟರಲ್ಲಿ ಮಾಯದಿದ್ದರೆ ಮಂಗಳೂರಿಗೆ ಹೋಗಿ ಕೊಯ್ಯಿಸಬೇಕಾಗುತ್ತದೆ.

"ಬಿಸಿ ಅಂದ್ರೆ ಎಷ್ಟು ಬಿಸಿ ಡಾಕ್ಟ್ರೇ?" ದೊಡ್ಡಪ್ಪ ಕೇಳಿದರು.

"ನಿಮ್ಮ ಮನೆಯವರು ಹೆದರದೆ ಬೆರಳು ಅದ್ದುವಷ್ಟು ಇರಲಿ."

"ಹಾಗಾದ್ರೆ ತೊಂದರೆ ಇಲ್ಲ. ಕುದಿಯೋದಕ್ಕೂ ಅದ್ದುತಾಳೆ."

ಡಾಕ್ಟರು ನಕ್ಕರು, ನಾನೂ ನಕ್ಕೆ. ದೊಡ್ಡಮ್ಮ ಮಾತ್ರ ಸುಟ್ಟು ಸುಟ್ಟು ನುಣುಪಾಗಿದ್ದ ಬೆರಳ ತುದಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಮುಂದಿನ ಹತ್ತು ದಿನ ದೊಡ್ಡಪ್ಪ ಆರಿದ ಗಂಜಿಯನ್ನು ನೋಡುವುದು, ಅದರ ಮೇಲೆ ಅಂಗೈ ಹಿಡಿಯುವುದು, ತಟ್ಟೆ ಸರಿಸುವುದು, ಇಷ್ಟೇ ಆಯಿತು. ನೀರು, ಹುಳಿಯಿಲ್ಲದ ಮಜ್ಜಿಗೆ ಬಿಟ್ಟು ಏನೂ ಒಳಗೆ ಹೋಗಲಿಲ್ಲ. ಬೈದರೂ ಅತ್ತರೂ ಒಂದೇ ಮಾತು, ತಂಗಳು ಇಳಿಯೋದಿಲ್ಲ. ಹನ್ನೊಂದನೆಯ ದಿನ ಅವರು ಮೊಳೆ ಬಡಿದು ಬೆಲ್ಟಿಗೆ ಹೊಸ ತೂತು ಮಾಡಿಕೊಳ್ಳುವುದನ್ನು ನೋಡಿದೆ. ಹುಣ್ಣಿಗಿಂತ ಮೊದಲು ಹಸಿವೇ ಇವರನ್ನು ಕೊಂಡುಹೋಗುತ್ತದೆಂದು ನನಗೆ ಭಯವಾಯಿತು.

ಆಗ ನೆನಪಾದದ್ದು ಹಾಸ್ಟೆಲಿನ ನನ್ನ ಗೆಳತಿ, ಬೈಲಕುಪ್ಪೆಯ ಟಿಬೆಟನ್ ಹುಡುಗಿ. ಬೇಸಿಗೆಯಲ್ಲಿ ಅವಳು ಕದ್ದುಮುಚ್ಚಿ ಇಟ್ಟುಕೊಂಡ ಹೀಟರಿನಲ್ಲಿ ನೂಡಲ್ಸ್ ಬೇಯಿಸಿ, ನಲ್ಲಿಯ ಕೆಳಗೆ ಹಿಡಿದು ತಣ್ಣಗೆ ತೊಳೆದು, ಹುರಿದ ಎಳ್ಳಿನ ಪುಡಿ, ಸೋಯಾ ಸಾಸು, ಸೌತೆಕಾಯಿ ಕಲಸುತ್ತಿದ್ದಳು. ಬಲು ಸುಲಭ, ಹತ್ತು ನಿಮಿಷದ ಕೆಲಸ ಎನ್ನುತ್ತಿದ್ದಳು. ಅವಳಿಗೇನು ಗೊತ್ತು ನಮ್ಮ ಮನೆ!

ಆಲ್ದೂರಿನಿಂದ ನೂಡಲ್ಸ್ ಪ್ಯಾಕೆಟ್ ತಂದು, ಹುಳಿ ಖಾರ ಯಾವುದನ್ನೂ ಹಾಕದೆ, ಕಲಸಿ ಮುಚ್ಚಿಟ್ಟು ದೊಡ್ಡಪ್ಪನನ್ನು ಕರೆಯಲು ಹೋದೆ. ಬಂದು ಮುಚ್ಚಳ ತೆಗೆದರೆ ಪಾತ್ರೆಯ ಆಕಾರದ ಒಂದು ಇಟ್ಟಿಗೆ ಇತ್ತು. ದೊಡ್ಡಮ್ಮ ಅದನ್ನು ಕೆಂಡದ ಮೇಲೆ ಇಟ್ಟಿದ್ದರು.

"ಸ್ವಲ್ಪ ಬೆಚ್ಚಗಿರಲಿ ಅಂತ ಇಟ್ಟೆ ಪುಟ್ಟಿ," ಎಂದರು. ನಾನು ಸೌಟಿನ ತುದಿಯಿಂದ ಆ ಇಟ್ಟಿಗೆಯನ್ನು ಕೆದಕಿದೆ. ಅವರು ಮೆಲ್ಲನೆ ಹೇಳಿದರು, "ಅವ್ರ ತಟ್ಟೆಗೆ ತಣ್ಣಗಿದ್ದದ್ದು ಹಾಕೋಕೆ ನನ್ನ ಕೈ ಬರೋದಿಲ್ಲ ಕಣೆ."

ತಪ್ಪು ಅವರದಲ್ಲ. ತಣ್ಣಗಿದ್ದದ್ದು ಆ ಮನೆಯಲ್ಲಿ ದೊಡ್ಡಮ್ಮನ ಪಾಲು, ದೊಡ್ಡಪ್ಪನದಲ್ಲ.

ಮರುದಿನ ಪ್ಯಾಕೆಟ್ ಬಿಟ್ಟು ಮನೆಯ ಒತ್ತು ಶಾವಿಗೆಯನ್ನೇ ಮಾಡೋಣವೆಂದೆ. ನೆನೆಸಿದ ಅಕ್ಕಿ ರುಬ್ಬಿ, ಹಿಟ್ಟು ಕಾಸಿ, ಉಂಡೆ ಕಟ್ಟಿ ಬೇಯಿಸುವ ತನಕ ನಾವಿಬ್ಬರೇ ಸಾಕು. ಬೆಂದ ಉಂಡೆಯನ್ನು ಶಾವಿಗೆ ಒರಳಿಗೆ ಹಾಕಿ ಒತ್ತುವುದು ಮಾತ್ರ ಕುದಿವ ಬಿಸಿಯಲ್ಲೇ ಆಗಬೇಕು, ಆರಿದರೆ ಎಳೆ ಇಳಿಯುವುದಿಲ್ಲ. ಆ ಮನೆಯಲ್ಲಿ ಅದು ಯಾವಾಗಲೂ ದೊಡ್ಡಪ್ಪನ ಕೆಲಸ. ಕರೆದೆ. ಬರುತ್ತಾರೋ ಇಲ್ಲವೋ ಎಂದಿದ್ದೆ. ಹಬೆಯ ವಾಸನೆಗೆ ಬಂದರು. ಸಡಿಲವಾದ ಪ್ಯಾಂಟನ್ನು ಒಂದು ಕೈಯಲ್ಲಿ ಏರಿಸಿಕೊಂಡು ಇನ್ನೊಂದು ಕೈಯಲ್ಲಿ ಒರಳಿನ ಹಿಡಿ ತಿರುಗಿಸಿದರು. ನಡುನಡುವೆ ನಿಂತು ಉಸಿರು ಎಳೆದುಕೊಂಡರು. ಬಿಳಿ ಎಳೆಗಳು ಬಾಳೆಲೆಯ ಮೇಲೆ ಸುತ್ತುತ್ತ ಇಳಿದವು. ದೊಡ್ಡಪ್ಪ ಅವುಗಳ ಮೇಲೆ ಅಂಗೈ ಹಿಡಿದು ಬಹಳ ಹೊತ್ತು ನಿಂತರು.

"ಇದು ಆರಬೇಕು ದೊಡ್ಡಪ್ಪ," ಎಂದೆ. "ಹಾಗಂತ ತಂಗಳಲ್ಲ. ಬಿಸಿ ಇದ್ದದ್ದನ್ನ ನೀವೇ ನೋಡಿದ್ದೀರಿ."

ಅವರು ಮೇಸ್ತ್ರಿಯ ತಕರಾರು ಕೇಳುವವರಂತೆ ಯೋಚಿಸಿದರು. "ಸಾಕ್ಷಿ ನಾನೇ ಅಂತೀಯ," ಎಂದು ಹೋಗಿ ಕೂತರು.

ಶಾವಿಗೆ ಪೂರ್ತಿ ಆರಿತು. ಎಳೆ ಸೌತೆಕಾಯಿಯ ಸಿಪ್ಪೆ, ತಿರುಳು ತೆಗೆದು ನೂಲಿನ ಹಾಗೆ ಹೆಚ್ಚಿ, ಮೆತ್ತಗೆ ಬೇಯಿಸಿ ಆರಿಸಿದೆ. ಹುರಿದ ಎಳ್ಳನ್ನು ಚೂರು ಬೆಲ್ಲ, ತೆಂಗಿನ ಹಾಲಿನ ಜೊತೆ ನುಣ್ಣಗೆ ರುಬ್ಬಿ, ನಾಲ್ಕು ಹನಿ ಸೋಯಾ ಸಾಸು ಬಿಟ್ಟು ಎಲ್ಲವನ್ನೂ ಕಲಸಿದೆ. ನಾನು ಈಚೆ ಬಂದು ದೊಡ್ಡಪ್ಪನ ಎದುರು ಕೂತೆ. ಅಭ್ಯಾಸದಂತೆ ದೊಡ್ಡಮ್ಮ ಕಿಂಡಿಯಲ್ಲಿ ಕೈ ಚಾಚಿ ತಟ್ಟೆ ಇಟ್ಟರು. ಇಟ್ಟ ತಟ್ಟೆಯನ್ನು ಕೂಡಲೇ ಬಿಡಲಿಲ್ಲ. ದೊಡ್ಡಪ್ಪ ಅಂಗೈ ಹಿಡಿಯಲಿಲ್ಲ. ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನ ನುಂಗಿದರು. ಇಳಿಯಿತು. ನೋವಾಗಲಿಲ್ಲವೆಂದು ಅವರ ಹುಬ್ಬು ಹೇಳಿತು.

ಎರಡನೆಯ ತುತ್ತಿಗೆ ಕೈ ಹಾಕಿದವರು ನಿಲ್ಲಿಸಿದರು. ಕಿಂಡಿಯ ಕಡೆ ನೋಡಿದರು. ಆಚೆ ಒಲೆ ಆರಿತ್ತು, ಬೇಯಿಸುವುದು ಏನೂ ಉಳಿದಿರಲಿಲ್ಲ. ದೊಡ್ಡಮ್ಮ ಆದರೂ ಅಲ್ಲೇ ನಿಂತಿದ್ದರು.

"ಅಲ್ಲಿ ಎಂಥ ಮಾಡ್ತಿದ್ದೀ?"

"ನಿಮ್ಮದು ಆಗ್ಲಿ ಅಂತ."

"ಇದು ಆರಿಹೋಗೋದಲ್ಲ ಮಾರಾಯ್ತಿ. ತಟ್ಟೆ ಹಾಕ್ಕೊಂಡು ಈಚೆ ಬಾ. ಕಾಯ್ತೀನಿ."

ದೊಡ್ಡಮ್ಮ ಅವಸರ ಮಾಡಲಿಲ್ಲ. ಕೈ ತೊಳೆಯುವ ಸದ್ದು ಕೇಳಿಸಿತು, ಆಮೇಲೆ ಸೆರಗು ಕೊಡವುವ ಸದ್ದು, ತಟ್ಟೆಯ ಸದ್ದು. ದೊಡ್ಡಪ್ಪ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದರು. ಅವರು ಎಣಿಸಲಿಲ್ಲ. ನಾನು ಮನಸ್ಸಿನಲ್ಲೇ ಎಣಿಸಿದೆ. ಇನ್ನೂರ ಹನ್ನೊಂದಕ್ಕೆ ದೊಡ್ಡಮ್ಮ ಬಾಗಿಲು ಸುತ್ತಿ ಬಂದು ಅವರ ಪಕ್ಕ ಕೂತರು.