ಸುಳ್ಳಿಗೆ ಬಂದ ಬುತ್ತಿ

ನಮ್ಮ ಕಡೆ ಯಾರೇ ಎದುರಾದರೂ ಮೊದಲು ಕೇಳುವುದು "ಆರಾಮ ಅದೀರೇನ್ರಿ?" ಎಂದು. ಮೈ ಚೆನ್ನಾಗಿದ್ದರೂ ಅದು ಆರಾಮ, ಕೆಲಸವಿಲ್ಲದೆ ಕಾಲು ಚಾಚಿ ಕೂತರೂ ಆರಾಮ. ಒಂದೇ ಪದಕ್ಕೆ ಎರಡು ಕೆಲಸ ಹಚ್ಚಿದವರು ಯಾರೋ ಕಾಣೆ, ಹೋದ ದಸರೆಗೆ ಅದು ನನ್ನನ್ನು ಚೆನ್ನಾಗಿಯೇ ಆಡಿಸಿತು. ಎರಡನೆಯ ಆರಾಮಕ್ಕೆ ಆಸೆಪಟ್ಟು, ಮೊದಲನೆಯದು ಇಲ್ಲವೆಂದು ನಾನು ಸುಳ್ಳು ಹೇಳಿಬಿಟ್ಟೆ. ಹೇಳಿದವಳಾದರೂ ಯಾರು? ಗಂಗಾವತಿಯ ಶಾಲೆಯೊಂದರಲ್ಲಿ ಪಾಠ ಹೇಳುವ ಟೀಚರು. ಹೊಟ್ಟೆ ಹಿಡಿದುಕೊಂಡು ಬಂದ ಮಕ್ಕಳನ್ನು "ಎಡಕ್ಕ ನೋಯತೈತೋ, ಬಲಕ್ಕೋ?" ಎಂದು ಎರಡೆರಡು ಸಲ ಕೇಳಿ, ಉತ್ತರ ಬದಲಾದ ಕೂಡಲೇ ಗಣಿತಕ್ಕೆ ವಾಪಸು ಕೂರಿಸುವವಳು.

ನಮ್ಮ ದಸರೆ ನಡೆಯುವುದು ಕುಷ್ಟಗಿಯಲ್ಲಿ, ಅತ್ತೆಯ ಮನೆಯಲ್ಲಿ. ಉಣ್ಣುವವರು ಇಪ್ಪತ್ತೆರಡು ಮಂದಿ, ಹೋಳಿಗೆ ಲಟ್ಟಿಸುವ ಹಿರಿಯ ಸೊಸೆ ನಾನೊಬ್ಬಳು. ಹದಿನೆಂಟು ವರ್ಷ ಲಟ್ಟಿಸಿದ ಮೇಲೆ, ಒಂದೇ ಒಂದು ಹಬ್ಬಕ್ಕೆ ಒಂಬತ್ತಕ್ಕೆ ಎದ್ದು, ಚಹಾ ಆರುವ ಮೊದಲೇ ಕುಡಿಯಬೇಕೆಂಬ ಆಸೆ ಹುಟ್ಟಿತು. ಎಲ್ಲರೂ ಬ್ಯಾಗು ತುಂಬುತ್ತಿದ್ದಾಗ ಹಣೆ ಹಿಡಿದು ಕೂತೆ. "ನನಗ ಯಾಕೋ ಆರಾಮಿಲ್ಲ. ನೀವು ಹೋಗಿ ಬರ್ರಿ."

ಗಂಡ ಹಣೆ ಮುಟ್ಟಿ ನೋಡಿದರು. "ತಣ್ಣಗೈತಲ್ಲ?"

"ಒಳಗ ಸುಡಾಕತ್ತೈತ್ರಿ," ಎಂದೆ. ಪಾಪ, ನಂಬಿದರು. ಅತ್ತೆಗೆ ನಾನೇ ಫೋನು ಮಾಡಿ, ಮಾತಿನ ನಡುವೆ ಮೂರು ಸಲ ಗಟ್ಟಿಯಾಗಿ ಕೆಮ್ಮಿದೆ. ಅವರು "ಮಲಕ್ಕೋ ಯವ್ವಾ" ಎಂದಷ್ಟೇ ಹೇಳಿ ಇಟ್ಟರು.

ಮೊದಲ ದಿನ ಸ್ವರ್ಗ. ಹತ್ತಕ್ಕೆ ಎದ್ದು ಓಣಿಯ ಅಂಗಡಿಯಿಂದ ಮಂಡಕ್ಕಿ ಒಗ್ಗರಣಿ-ಮಿರ್ಚಿ ತರಿಸಿಕೊಂಡೆ, ಅದರ ಮೇಲೆ ಕುಲ್ಫಿ ತಿಂದೆ. ಹಬ್ಬದ ದಿನ ಬೆಳಿಗ್ಗೆ ಏಳಲು ಹೋದರೆ ಏಳಲಾಗಲಿಲ್ಲ. ಗಂಟಲಲ್ಲಿ ಮುಳ್ಳು, ಮೈಯೆಲ್ಲಾ ಕೆಂಡ, ಕಾಲಲ್ಲಿ ಕಸುವೇ ಇಲ್ಲ. ಹಾಸಿಗೆಯಲ್ಲೇ "ಯವ್ವಾ, ಸತ್ತೆ!" ಎಂದು ನರಳಿದೆ. ಯಾರೂ ಬರಲಿಲ್ಲ. ಇನ್ನೂ ಸ್ವಲ್ಪ ಗಟ್ಟಿಯಾಗಿ ನರಳಿದೆ. ಫ್ರಿಜ್ಜೊಂದೇ ಗುರ್ ಎಂದಿತು. ನರಳುವುದಕ್ಕೂ ಕೇಳುವವರು ಬೇಕೆಂದು ನನಗೆ ತಿಳಿದದ್ದು ಆವತ್ತೇ. ಫೋನು ಮಾಡೋಣವೆಂದರೆ ಏನೆಂದು ಹೇಳುವುದು? ಆರಾಮಿಲ್ಲ ಎಂದು ಆಗಲೇ ಹೇಳಿ ಆಗಿದೆ. ಈಗ "ಖರೇನ ಆರಾಮಿಲ್ಲ" ಎಂದರೆ ಮೊನ್ನೆಯದು ಏನಾಗಿತ್ತು ಎಂದು ಕೇಳುವುದಿಲ್ಲವೇ? ಇದ್ದ ಒಂದು ಕಾಯಿಲೆಯನ್ನು ಬರುವ ಮೊದಲೇ ಖರ್ಚು ಮಾಡಿ ಕೂತಿದ್ದೆ.

ಅಷ್ಟರಲ್ಲಿ ಗಂಡನದೇ ಫೋನು ಬಂತು. "ಅವ್ವ ನಿನಗ ಬುತ್ತಿ ಕಳಿಸ್ಯಾಳ, ಎಂಟರ ಬಸ್ಸಿಗೆ. ಆಟೋ ಮಾಡ್ಕೊಂಡು ಹೋಗಿ ಇಸ್ಕೊ."

ಬಸ್ಸಿನ ಬುತ್ತಿ! ಆ ಮಾತು ಕಿವಿಗೆ ಬಿದ್ದು ಎಷ್ಟು ವರ್ಷವಾಗಿತ್ತು. ಕೊಪ್ಪಳದಲ್ಲಿ ರೂಮು ಮಾಡಿಕೊಂಡು ನಾನು ಕಾಲೇಜು ಓದುವಾಗ, ಯಲಬುರ್ಗಾ ಕಡೆಯ ನಮ್ಮೂರಿನಿಂದ ಮೊದಲ ಬಸ್ಸಿಗೆ ದಿನಾ ಬುತ್ತಿ ಬರುತ್ತಿತ್ತು. ಡ್ರೈವರ್ ಪಕ್ಕದ ಇಂಜಿನ್ ಮೇಲೆ ಹತ್ತಾರು ಗಂಟು. ಹೆಸರು ಬರೆದಿರುತ್ತಿರಲಿಲ್ಲ, ಅರಿವೆಯ ಮೇಲೆಯೇ ಗುರುತು. ನಮ್ಮ ಅವ್ವನ ಗಂಟನ್ನು ಹಲ್ಲು ಹಚ್ಚದೆ ಬಿಚ್ಚಲು ಆಗುತ್ತಿರಲಿಲ್ಲ. ಇಂಜಿನ್ನಿನ ಕಾವಿಗೆ ರೊಟ್ಟಿ ಇನ್ನೂ ಬೆಚ್ಚಗಿರುತ್ತಿದ್ದವು. ನನಗೆ ನೆಗಡಿಯೆಂದು ಯಾರಾದರೂ ಊರಿಗೆ ಸುದ್ದಿ ಮುಟ್ಟಿಸಿದರೆ, ರೊಟ್ಟಿಯ ನಡುವೆ ಕಾಗದದ ಪೊಟ್ಟಣದಲ್ಲಿ ಹಣಮಪ್ಪನ ಗುಡಿಯ ಅಂಗಾರ ಇರುತ್ತಿತ್ತು. ಗೆಳತಿಯರ ಎದುರು ನಾಚಿಕೆಯಾಗಿ ಆ ಬೂದಿಯನ್ನು ಕಿಟಕಿಯಿಂದ ಊದಿಬಿಡುತ್ತಿದ್ದೆ. ಅವ್ವ ಹೋಗಿ ಹನ್ನೊಂದು ವರ್ಷವಾಯಿತು.

ಶಾಲು ಹೊದ್ದು ಬಸ್‌ ಸ್ಟ್ಯಾಂಡಿಗೆ ಹೋದೆ. ಕಂಡಕ್ಟರು ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿದ. "ಕುಷ್ಟಗಿ ಬುತ್ತಿ ನಿಮ್ದೇನ್ರೀ ಅಕ್ಕಾರ? ಡಬ್ಬಿ ಅಡ್ಡ ಮಾಡಬ್ಯಾಡ, ಸಾರು ಚೆಲ್ಲತೈತಿ, ಸೊಸಿಗೆ ಆರಾಮಿಲ್ಲ ಅಂತ ಹತ್ತು ಸಲ ಹೇಳ್ಯಾರ ನೋಡ್ರಿ ಆ ಅಮ್ಮಾರು."

ಮನೆಗೆ ಬಂದು ಬಿಚ್ಚಲು ಕೂತರೆ, ಗಂಟು ಬಿಚ್ಚಲಿಲ್ಲ. ಹಲ್ಲು ಹಚ್ಚಿದೆ. ಕಟ್ಟಿನ ಸಾರು, ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಬೆಳ್ಳುಳ್ಳಿ ಹಾಕಿ ಕುಟ್ಟಿದ ಹಿಂಡಿ ಚಟ್ನಿ. ಹೋಳಿಗೆ ಇರಲಿಲ್ಲ, ಜ್ವರಕ್ಕೆ ಆಗದೆಂದು ಕಳಿಸಿರಲಿಲ್ಲ. ಇಪ್ಪತ್ತೊಂದು ಮಂದಿಯ ಹಬ್ಬದ ಅಡುಗೆಯ ನಡುವೆ ಆ ಎಪ್ಪತ್ತರ ಮುದುಕಿ ನನಗೆಂದು ಬೇರೆ ಪಾತ್ರೆ ಇಟ್ಟಿದ್ದರು. ಡಬ್ಬಿಯ ಕೆಳಗೆ ಒಂದು ಸಣ್ಣ ಪೊಟ್ಟಣ. ಬಿಚ್ಚಿದರೆ ಅಂಗಾರ. ಈ ಸಲ ಊದಲಿಲ್ಲ, ಹಣೆಗೆ ಹಚ್ಚಿಕೊಂಡು ಕೂತು ಅತ್ತುಬಿಟ್ಟೆ. ಸಾರಿನ ಮೆಣಸಿನ ಖಾರಕ್ಕೆ ಕಣ್ಣಲ್ಲಿ ನೀರು ಬಂತೆಂದು ಹೇಳಬಹುದಿತ್ತು, ಆದರೆ ಇನ್ನೂ ಸಾರು ಬಡಿಸಿಕೊಂಡೇ ಇರಲಿಲ್ಲ.

ಉಂಡು ಬೆವರಿ, ತಲೆ ಸ್ವಲ್ಪ ಹಗುರಾದ ಮೇಲೆ ಅತ್ತೆಗೆ ಫೋನು ಹಚ್ಚಿದೆ. "ಅತ್ತೀ, ಮೊನ್ನೆ ನನಗ ಏನೂ ಆಗಿರಲಿಲ್ರಿ. ಸುಳ್ಳು ಹೇಳಿದ್ನಿ. ಇವತ್ತ ಮಾತ್ರ ಖರೇನ ಜ್ವರ ಬಂದಾವ್ರಿ."

"ಗೊತ್ತಿತ್ತಬೇ," ಎಂದರು. "ಜ್ವರ ಬಂದಾಕಿ ಅಷ್ಟು ಗಟ್ಟಿ ಕೆಮ್ಮತಾಳೇನು? ಕೆಮ್ಮಾಕ ಕಸುವು ಬೇಕಲ್ಲ."

"ಗೊತ್ತಿದ್ದೂ ಬುತ್ತಿ ಯಾಕ ಕಳಿಸಿದ್ರಿ?"

"ಅಕಸ್ಮಾತ್ ಖರೇ ಇದ್ರ? ಒಬ್ಬಾಕಿ ಏನ್ ತಿಂತಿದ್ದಿ?"

ಹಬ್ಬಕ್ಕೆ ಯಾರೂ ಬೇಡವೆಂದು ಬಾಗಿಲು ಹಾಕಿಕೊಂಡವಳಿಗೆ, ಆ ಬೇಡವಾದವರೇ ಉಣ್ಣಲು ಇಟ್ಟಿದ್ದರು. ಅಷ್ಟರಲ್ಲಿ ಆ ಕಡೆ ಅತ್ತೆ ದನಿ ಸಣ್ಣ ಮಾಡಿದರು. "ಇಲ್ಲಿ ಕೇಳ. ದೀಪಾವಳಿಗೆ ನನಗೂ ಆರಾಮ ತಪ್ಪೋದೈತಿ. ನಾ ಬಂದು ನಿನ್ನ ಮನ್ಯಾಗ ಕಾಲು ಚಾಚಿ ಮಲಗ್ತೀನಿ. ನೀ ಇಲ್ಲಿ ಬಂದು ಕರ್ಚಿಕಾಯಿ ಕರಿ. ಬುತ್ತಿ ಮಾತ್ರ ಮರೀಬ್ಯಾಡ."

ಇಪ್ಪತ್ತೊಂದು ಮಂದಿಗೆ ಒಬ್ಬಳೇ ಕರಿಯಬೇಕು. ಆದರೂ ಹೂಂ ಎಂದೆ. ಅನುಭವಸ್ಥಳಾದ್ದರಿಂದ ಒಂದು ಬುದ್ಧಿಮಾತನ್ನೂ ಸೇರಿಸಿದೆ: "ಆಗಲಿ ಅತ್ತೀ. ಆದ್ರ ಮಗಗ ಹೇಳುವಾಗ ಕೆಮ್ಮಾಕ ಹೋಗಬ್ಯಾಡ್ರಿ."