ನಾಲ್ಕು ಸೆಕೆಂಡು ಮೌನಾಚರಣೆ

ಇಂದಿನಿಂದ ತಾನು ಬರಿಯ ಮದುವೆಮನೆ ಕೀಬೋರ್ಡ್ ವಾದಕನಲ್ಲ, ಎಲೆಕ್ಟ್ರಾನಿಕ್ ಸಂಗೀತದ ಸೃಷ್ಟಿಕರ್ತ ಎಂದು ಮರ್ಸುದಿ ಬೆಳಗಿನ ತಿಂಡಿಯ ಹೊತ್ತಿಗೆ ಘೋಷಿಸಿದ. ಕೇಳಿಸಿಕೊಳ್ಳಲು ಹಾಜರಿದ್ದವರು ಇಬ್ಬರು: ಹೆಂಡತಿ ವಿನಾರ್ಸಿಹ್, ಮತ್ತು ಸೂರಿನಡಿಯ ಪಂಜರದ ಹಕ್ಕಿ. ಹಕ್ಕಿ ಒಂದು ಸಲ ಕೂಗಿ ಸುಮ್ಮನಾಯಿತು.

"ಅದಕ್ಕೇನು ಬೇಕು ಮಾಸ್?" ಅವನ ತಟ್ಟೆಯ ಅನ್ನದ ಮೇಲೆ ಕಡಲೆಕಾಯಿ ಗೊಜ್ಜು ಸುರಿಯುತ್ತ ವಿನಾರ್ಸಿಹ್ ಕೇಳಿದಳು. ಗಂಡ ಅವಳಿಗೆ 'ಮಾಸ್', ಅವಳು ಅವನಿಗೆ 'ದೆಕ್'.

"ಒಂದು ವೃತ್ತಿಪರ ಸಾಫ್ಟ್‌ವೇರ್."

"ಒಂದು ತಾನೆ? ಇವತ್ತೇ ತಗೊಂಡ್ಬಿಡಿ."

"ಹಾಗೆ ಹೋಗಿ ತರೋಕೆ ಅದೇನು ಸಂತೆ ತರಕಾರೀನಾ ದೆಕ್? ಆಯ್ಕೆ ಮಾಡ್ಬೇಕು."

ಆಯ್ಕೆಗೆ ಅವಸರವಿತ್ತು. ಕೆದಿರಿ ಊರಿನ ಅವರ ಕೇರಿಯ ಹೆಂಗಸರು ಪ್ರತಿ ಭಾನುವಾರ ಬೆಳಿಗ್ಗೆ ಕುಣಿಯುವ ಹಾಡು ಹಚ್ಚಿಕೊಂಡು ಸೆನಾಮ್ ಎಂಬ ಗುಂಪು ವ್ಯಾಯಾಮ ಮಾಡುತ್ತಾರೆ. ಆ ತಂಡದ ನಾಯಕಿ ವಿನಾರ್ಸಿಹ್. ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆಯಲ್ಲಿ ಮೂರು ವರ್ಷದಿಂದ ಕೊನೆಯ ಸ್ಥಾನ ಅವರಿಗೇ ಮೀಸಲು. ಕಳೆದ ಸಲವಂತೂ ಐದು ತಂಡಗಳು ಒಂದೇ ಹಾಡಿಗೆ ಕುಣಿದು ತೀರ್ಪುಗಾರರಿಗೆ ಜೋಗುಳ ಹಾಡಿದ್ದವು. ಈ ಸಲ ಪ್ರತಿ ತಂಡವೂ ಹೊಸ ಸಂಗೀತವನ್ನೇ ತರಬೇಕೆಂದು ನಿಯಮವಾಯಿತು. "ನಮ್ಮನೆಯವರೇ ಮಾಡ್ಕೊಡ್ತಾರೆ" ಎಂದು ಹನ್ನೊಂದು ಹೆಂಗಸರ ಎದುರು ವಿನಾರ್ಸಿಹ್ ಮಾತು ಕೊಟ್ಟು ಬಂದಿದ್ದಳು. ಸ್ಪರ್ಧೆಗೆ ಉಳಿದಿದ್ದು ಆರು ವಾರ.

ಮರ್ಸುದಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಸಾಫ್ಟ್‌ವೇರಿಗೊಂದರಂತೆ ಹನ್ನೊಂದು ಅಂಕಣ ಮಾಡಿದ. ಒಂದು ಸಾಫ್ಟ್‌ವೇರಿನಲ್ಲಿ ಡ್ರಮ್ಮಿನ ಸದ್ದೇ ನಾಲ್ಕು ಸಾವಿರ ಬಗೆ. ಒಂದೊಂದನ್ನೂ ಕೇಳಿ ಮುಗಿಸುವಷ್ಟರಲ್ಲಿ ತಾಳ ಸಿಕ್ಕಿತು, ತಾಳ್ಮೆ ಹೋಯಿತು. ಇನ್ನೊಂದನ್ನು ತೆರೆದರೆ ವಿಮಾನದ ಪೈಲಟ್ಟಿನ ಸೀಟಿನಲ್ಲಿ ಕೂತಂತೆ ಗುಂಡಿಗಳೋ ಗುಂಡಿಗಳು. ಎಲ್ಲಿ ಒತ್ತಿದರೆ ಎಲ್ಲಿ ಇಳಿಯುತ್ತೇನೋ ಎಂದು ಹೆದರಿ ಮುಚ್ಚಿದ.

ಮೂರನೆಯದು ಮನಸ್ಸಿಗೆ ಬಂತು. ಅದರ ಟ್ರಯಲ್ ಪ್ರತಿಯಲ್ಲಿ ಏನು ಬೇಕಾದರೂ ಮಾಡಬಹುದಿತ್ತು, ಮಾಡಿದ್ದನ್ನು ಉಳಿಸಿಡುವಂತಿರಲಿಲ್ಲ. ಆದ್ದರಿಂದ ಲ್ಯಾಪ್‌ಟಾಪ್ ಆರಿಸಲೇಬಾರದು ಎಂದು ಮರ್ಸುದಿ ಕಾನೂನು ತಂದ. ಅದರ ಬ್ಯಾಟರಿ ಎಂದೋ ಸತ್ತು ಅದು ಗೋಡೆಯ ಕರೆಂಟಿನ ಮೇಲೆ ಬದುಕಿತ್ತು. ಆ ಮನೆಯ ಕರೆಂಟಿಗೋ ಉಸಿರು ಕಡಿಮೆ: ಅನ್ನದ ಎಲೆಕ್ಟ್ರಿಕ್ ಕುಕ್ಕರಿನ ಜೊತೆ ಇಸ್ತ್ರಿಪೆಟ್ಟಿಗೆಯೋ ನೀರಿನ ಪಂಪೋ ಸೇರಿದರೆ ಮೀಟರಿನ ಸ್ವಿಚ್ಚು 'ಟಕ್' ಎಂದು ಬಿದ್ದುಬಿಡುತ್ತಿತ್ತು. ಕೂಡಲೇ ಇಸ್ತ್ರಿ ನಿಷೇಧವಾಯಿತು. ಒಂಬತ್ತು ದಿನ ಸೃಷ್ಟಿಕರ್ತರು ಮುದುರಿದ ಅಂಗಿಯಲ್ಲೇ ಓಡಾಡಿದರು. ಒಂಬತ್ತನೆಯ ಮಧ್ಯಾಹ್ನ ಕುಕ್ಕರ್ ಕುದಿಯುತ್ತಿರುವಾಗ ನೀರಿನ ಪಂಪು ತಾನಾಗಿಯೇ ಶುರುವಾಯಿತು.

ಟಕ್.

"ಅಯ್ಯೋ, ಅನ್ನ ಅರ್ಧ ಬೆಂದಿತ್ತು ಮಾಸ್" ಎಂದಳು ವಿನಾರ್ಸಿಹ್.

"ನನ್ನ ಹಾಡು ಪೂರ್ತಿ ಬೆಂದಿತ್ತು" ಎಂದ ಮರ್ಸುದಿ.

ಏಳನೆಯ ಅಂಕಣದ ಸಾಫ್ಟ್‌ವೇರು ಮಾಡಿದ್ದನ್ನು ಉಳಿಸುತ್ತಿತ್ತು. ಆದರೆ ದುಡ್ಡು ಕೊಡದವರಿಗೆ ಪ್ರತಿ ಮೂವತ್ತು ಸೆಕೆಂಡಿಗೊಮ್ಮೆ ನಾಲ್ಕು ಸೆಕೆಂಡು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಒಳಗೊಳಗೇ ಹಾಡು ಓಡುತ್ತಲೇ ಇರುತ್ತದೆ, ಹೊರಗೆ ಮಾತ್ರ ಮೌನಾಚರಣೆ. ಹೆಂಗಸರು ದಿನವೂ ಬಾಗಿಲಿಗೆ ಬಂದು ಕೇಳತೊಡಗಿದ್ದರಿಂದ ಮರ್ಸುದಿ ಹಾಡನ್ನು ಹಾಗೆಯೇ ಪೆನ್ ಡ್ರೈವಿಗೆ ಹಾಕಿ, ಅಭ್ಯಾಸದ ಅಂಗಳಕ್ಕೆ ಒಯ್ದು ಹಚ್ಚಿದ. ಮೊದಲ ಮೌನ ಬಂದಾಗ ತಂಡದ ಹಿರಿಯಳು, ಎಲ್ಲರೂ 'ಬು', ಅಂದರೆ ಅಮ್ಮ, ಎಂದು ಕರೆಯುವ ಅರವತ್ತೆಂಟರ ಕಸಿಯಾತಿ, ಎತ್ತಿದ ಕೈ ಎತ್ತಿಕೊಂಡೇ ನಿಂತಳು.

"ಕರೆಂಟ್ ಹೋಯ್ತೇನಪ್ಪಾ?"

"ಇಲ್ಲ ಬು. ನಾನು ಸಾಫ್ಟ್‌ವೇರ್ ಕೊಂಡ್ಕೊಂಡ ಮೇಲೆ ಸರಿಹೋಗುತ್ತೆ. ಸದ್ಯಕ್ಕೆ ಈ ಮೌನ ಇಲ್ಲ ಅಂದ್ಕೊಳ್ಳಿ."

"ಅಲ್ಲಿ ಏನೂ ಇಲ್ವಲ್ಲ. ಇಲ್ಲದ್ದನ್ನ ಇಲ್ಲ ಅಂತ ಬೇರೆ ಅಂದ್ಕೋಬೇಕಾ?"

ಪೆನ್ ಡ್ರೈವನ್ನು ಹೆಂಗಸರ ಬಳಿಯೇ ಬಿಟ್ಟು ಮರ್ಸುದಿ ಮನೆಗೆ ಓಡಿದ. ಇನ್ನೂ ನಾಲ್ಕು ಅಂಕಣ ಬಾಕಿ ಇದ್ದವು. ಮತ್ತೆ ಅಭ್ಯಾಸದ ಕಡೆ ತಲೆ ಹಾಕಲಿಲ್ಲ. ಕೊನೆಗೆ ಎಲ್ಲ ಅಳೆದು ತೂಗಿ, ಸ್ಪರ್ಧೆಯ ಹಿಂದಿನ ದಿನ ಆ ಏಳನೆಯದನ್ನೇ ಕೊಂಡ. ಹಾಡು ತುಂಬಿದ ಕೊಡದಂತಾಯಿತು, ಎಲ್ಲೂ ಒಂದು ಚೂರು ಖಾಲಿ ಇಲ್ಲ. ಹೆಂಡತಿಗೆ ಅಚ್ಚರಿಯಾಗಲಿ ಎಂದು ಹೇಳದೆ ಕೇಳದೆ ಪೆನ್ ಡ್ರೈವಿನಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದ.

ಮೈದಾನದಲ್ಲಿ ಧ್ವನಿಪೆಟ್ಟಿಗೆಯ ಪಕ್ಕ ಅವನೇ ನಿಂತಿದ್ದ, ಎದೆ ಎರಡಿಂಚು ಮುಂದೆ. ಹಾಡು ಶುರುವಾಯಿತು. ಮೂವತ್ತು ಸೆಕೆಂಡು ಹನ್ನೆರಡು ಹೆಂಗಸರು ಒಂದೇ ಮೈಯಂತೆ ಕುಣಿದರು. ಆಮೇಲೆ ಹನ್ನೆರಡು ಮಂದಿಯೂ ಒಂಟಿಕಾಲಿನ ಮೇಲೆ ಕೊಕ್ಕರೆಗಳಂತೆ ನಿಂತುಬಿಟ್ಟರು. ಹಾಡು ಢಂ ಢಂ ಎಂದು ಮುಂದೆ ಹೋಗುತ್ತಲೇ ಇತ್ತು.

"ಅಮ್ಮಂದಿರಿಗೆ ಚಾರ್ಜ್ ಮುಗೀತು" ಎಂದು ಯಾರೋ ಕೂಗಿದರು. ಮೈದಾನವೆಲ್ಲ ನಗು.

ಒಂಟಿಕಾಲಿನ ಮೇಲಿಂದ ವಿನಾರ್ಸಿಹ್ ಗಂಡನನ್ನು ನೋಡಿದಳು. ಇಪ್ಪತ್ತಾರು ವರ್ಷದ ದಾಂಪತ್ಯವೆಲ್ಲ ಆ ಒಂದು ನೋಟದಲ್ಲಿತ್ತು. ಮರ್ಸುದಿಗೆ ಅರ್ಥವಾಯಿತು: ಇವರು ಎರಡು ವಾರ ಅವನ ಸಂಗೀತವನ್ನಷ್ಟೇ ಅಲ್ಲ, ಅದರ ತೂತುಗಳನ್ನೂ ಅಭ್ಯಾಸ ಮಾಡಿದ್ದರು.

ಅವನು ಧ್ವನಿಯ ತಿರುಪಿನ ಮೇಲೆ ಕೈಯಿಟ್ಟು ಎಣಿಸತೊಡಗಿದ. ಮುಂದಿನ ಸರದಿ ಬಂದಾಗ ತಿರುಪನ್ನು ಸೊನ್ನೆಗೆ ಇಳಿಸಿದ. ಮೈದಾನ ಸ್ತಬ್ಧ. ಹನ್ನೆರಡು ಹೆಂಗಸರು ಒಟ್ಟಿಗೆ ತಲೆವಸ್ತ್ರ ಸರಿಮಾಡಿಕೊಂಡರು. ನಾಲ್ಕು ಎಣಿಸಿ ಏರಿಸಿದ. ಹೆಜ್ಜೆ ಕೂದಲೆಳೆಯಷ್ಟೂ ತಪ್ಪದೆ ಮುಂದುವರಿಯಿತು. ಅದರ ಮುಂದಿನ ಮೌನದಲ್ಲಿ ಹನ್ನೆರಡೂ ಮಂದಿ ಸೊಂಟದ ಮೇಲೆ ಕೈಯಿಟ್ಟು ತೀರ್ಪುಗಾರರನ್ನು ಓರೆಗಣ್ಣಿನಲ್ಲಿ ನೋಡಿದರು. ಜನ ಚಪ್ಪಾಳೆ ತಟ್ಟಿದರು. ಹನ್ನೊಂದು ಅಂಕಣ ದಾಟಿ ಬಂದ ವೃತ್ತಿಪರ ಸಾಫ್ಟ್‌ವೇರಿನ ಒಡೆಯ, ಬೆವರು ಸುರಿಸುತ್ತ, ಅದರ ಬಾಯಿಯನ್ನು ಕೈಯಾರೆ ಮುಚ್ಚಿ ತೆಗೆಯುತ್ತಿದ್ದ.

ಎರಡನೆಯ ಬಹುಮಾನ ಬಂತು. ತೀರ್ಪುಗಾರರು ಅವನ ಕೈ ಕುಲುಕಿದರು. "ಹಾಡು ಇರಲಿ, ಆ ನಿಲ್ಲಿಸೋ ಜಾಗಗಳು ಅದ್ಭುತ. ಯಾವ ಸಾಫ್ಟ್‌ವೇರ್ ಅದು?"

ಮರ್ಸುದಿ ಗಂಟಲು ಸರಿಮಾಡಿಕೊಂಡು ನೋಟ್‌ಬುಕ್ ತೆರೆದ.

"ಕೊಂಡ್ಕೊಳ್ಳೋಕ್ಕೆ ಮುಂಚೆ ಬರುತ್ತಲ್ಲ, ಅದು" ಎಂದಳು ವಿನಾರ್ಸಿಹ್.

ಮುಂದಿನ ತಿಂಗಳು ಮೇಲಿನ ಹಂತದ ಸ್ಪರ್ಧೆ. ಈ ಸಲ ಮೌನವನ್ನು ಹಾಡಿನೊಳಗೇ ಇಟ್ಟುಕೊಡಬೇಕೆಂದು ತಂಡದ ಆಜ್ಞೆಯಾಯಿತು. ಮರ್ಸುದಿ ಮರುದಿನ ಬೆಳಿಗ್ಗೆಯೇ ಕೂತ. ನೂರಾರು ಗುಂಡಿ, ಎಲ್ಲವೂ ಸದ್ದು ಮಾಡಿಸುವುದಕ್ಕೆ; ಸುಮ್ಮನಿರಿಸುವ ಗುಂಡಿ ಎಲ್ಲಿದೆಯೋ. ಎರಡು ಗಂಟೆ ಹುಡುಕಿದ. ಒಳಗೆ ವಿನಾರ್ಸಿಹ್ ಕುಕ್ಕರಿನಲ್ಲಿ ಅನ್ನಕ್ಕಿಟ್ಟು, ಇಸ್ತ್ರಿ ನಿಷೇಧದ ಕಾಲದಿಂದಲೂ ಮುದುರಿ ಬಿದ್ದಿದ್ದ ಅವನ ಅಂಗಿಗಳನ್ನು ಹರಡಿಕೊಂಡು ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದಳು.

ಟಕ್.

ಫ್ಯಾನು ನಿಂತಿತು, ಲ್ಯಾಪ್‌ಟಾಪ್ ಕಪ್ಪಾಯಿತು. ಪಂಜರದ ಹಕ್ಕಿ ಕೂಡ ಉಸಿರೆತ್ತಲಿಲ್ಲ.

ಮೀಟರಿನ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ವಿನಾರ್ಸಿಹ್ ಕೇಳಿದಳು: "ಬಂತು ನೋಡಿ ಮಾಸ್. ನಾಲ್ಕು ಸೆಕೆಂಡು ಸಾಕಾ, ಇನ್ನೂ ಸ್ವಲ್ಪ ಬೇಕಾ?"